ಸವೆಯದ ಬ್ರೇಕ್

ಅವನ ಎಡಗಿವಿ ಕೇಳುವುದಿಲ್ಲ. ಹದಿನೇಳನೇ ವಯಸ್ಸಿನಲ್ಲಿ ಲಾರಿ ಟೈರಿಗೆ ಗಾಳಿ ತುಂಬುತ್ತಿದ್ದಾಗ ರಿಮ್ಮಿನ ಉಂಗುರ ಸಿಡಿಯಿತು. ಪಕ್ಕದ ಗೋಡೆ ಬಿರುಕು ಬಿಟ್ಟಿತು, ಇವನ ಕಿವಿ ಹೋಯಿತು. ಗೋಡೆಗೆ ಮಾಲೀಕ ಮಾರನೇ ದಿನವೇ ಸಿಮೆಂಟು ಹಾಕಿಸಿದ. ಕಿವಿಗೆ ಯಾರೂ ಏನೂ ಹಾಕಿಸಲಿಲ್ಲ.

ಅಂದಿನಿಂದ ಅವನು ಒಂಟಿಕಿವಿ. ಗ್ಯಾರೇಜಿನಲ್ಲಿ ಹುಟ್ಟಿದ ಅಡ್ಡಹೆಸರು ಬೀದಿಗೆ ಬಂತು, ಬೀದಿಯಿಂದ ಊರಿಗೆ ಹಬ್ಬಿತು. ಈಗ ಜನರ ಫೋನಿನಲ್ಲಿ ಅವನ ನಂಬರು ಇರುವುದೂ ಅದೇ ಹೆಸರಿನಲ್ಲಿ. ಅವನಿಗೇನೂ ಬೇಸರವಿಲ್ಲ. "ಎರಡು ಕಿವಿ ಇರೋರು ಒಂದ್ರಲ್ಲಿ ಕೇಳಿ ಇನ್ನೊಂದ್ರಲ್ಲಿ ಬಿಡ್ತಾರೆ. ನಂಗೆ ಒಳಗೆ ಹೋದದ್ದು ಹೊರಗೆ ಬರೋಕೆ ದಾರಿನೇ ಇಲ್ಲ" ಎಂದು ತಾನೇ ಹೇಳಿ ತಾನೇ ನಗುತ್ತಾನೆ. ಮನೆಯವರೆಲ್ಲ ಅವನ ಬಲಕ್ಕೇ ಕೂರುತ್ತಾರೆ. ಅವನ ಅಕ್ಕನ ಮಗಳಂತೂ ಮಾತು ಕಲಿಯುವ ಮೊದಲೇ ಇದನ್ನು ಕಲಿತವಳು. ಮಾಮ ಎಲ್ಲೇ ಕೂತಿರಲಿ, ತೆವಳಿಕೊಂಡು ಸುತ್ತು ಹಾಕಿ ಬಲಗಡೆಗೆ ಬಂದು ಕೂರುತ್ತಿತ್ತಂತೆ ಆ ಮಗು.

ಅವನ ಕೆಲಸಕ್ಕೆ ಬೋರ್ಡಿಲ್ಲ. ಹಳೆಯ ಕಾರು ಕೊಳ್ಳುವವರು ದುಡ್ಡು ಕೊಡುವ ಮೊದಲು ಅವನನ್ನು ಕರೆದುಕೊಂಡು ಹೋಗುತ್ತಾರೆ. ಮರದ ಹಿಡಿಯ ಒಂದು ಉದ್ದನೆಯ ಸ್ಕ್ರೂಡ್ರೈವರ್ ತರುತ್ತಾನೆ. ಅದರ ತುದಿಯನ್ನು ಓಡುತ್ತಿರುವ ಎಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಬಲಗಿವಿಯ ಮೂಳೆಗೆ ಒತ್ತಿ, ಕಣ್ಣು ಮುಚ್ಚುತ್ತಾನೆ. ಆಮೇಲೆ ಆಯಿಲ್ ಕಡ್ಡಿ ಎಳೆದು ಮೂಸುತ್ತಾನೆ. ಕೊನೆಗೆ ಒಂದು ಚಕ್ರ ಬಿಚ್ಚಿಸಿ ಬ್ರೇಕಿನ ಪ್ಯಾಡು ನೋಡುತ್ತಾನೆ. ಅವನ ಇಡೀ ಶಾಸ್ತ್ರ ನಿಂತಿರುವುದು ಆ ಪ್ಯಾಡಿನ ಮೇಲೆ. "ಮೀಟರ್ ಸುಳ್ಳು ಹೇಳುತ್ತೆ, ಮಾರೋನು ಸುಳ್ಳು ಹೇಳ್ತಾನೆ. ಬ್ರೇಕ್ ಮಾತ್ರ ಸುಳ್ಳು ಹೇಳಲ್ಲ" ಎನ್ನುತ್ತಾನೆ. ಎಷ್ಟು ಓಡಿದೆ, ಓಡಿಸಿದವನು ಸಮಾಧಾನದವನೋ ಮುಂಗೋಪಿಯೋ, ಊರೊಳಗೇ ಓಡಿತೋ ಹೆದ್ದಾರಿಯಲ್ಲೋ, ಎಲ್ಲವೂ ಆ ಅಂಗೈಯಗಲದ ಕರಿ ತುಂಡಿನಲ್ಲಿ ಬರೆದಿರುತ್ತದೆ. ಓದಲು ಬರಬೇಕು, ಅಷ್ಟೇ.

ಇಷ್ಟೆಲ್ಲ ಆದ ಮೇಲೆ ಅವನು ಹೇಳುವುದು ಒಂದೇ ಮಾತು. ಹೂಂ, ಇಲ್ಲವೇ ಊಹೂಂ. ಮೂವತ್ತೆರಡು ವರ್ಷದಲ್ಲಿ ಮಾರುವವರ ಕಡೆಯಿಂದ ಒಂದು ಲೋಟ ಚಹಾವನ್ನೂ ಕುಡಿದಿಲ್ಲ. ಕೊಳ್ಳುವವರಿಂದ ಒಂದು ಸಣ್ಣ ಮೊತ್ತ, ಅದೂ ಕಾರು ದೊಡ್ಡದಾದರೂ ಚಿಕ್ಕದಾದರೂ ಅಷ್ಟೇ. ಇಂಥವನು ಶ್ರೀಮಂತನಾಗಲಿಲ್ಲ ಎಂದು ಬೇರೆ ಹೇಳಬೇಕೆ?

ಅಕ್ಕನ ಮಗಳ ವಿಷಯಕ್ಕೆ ಬರೋಣ, ಏಕೆಂದರೆ ಈ ಕಥೆಯಲ್ಲಿ ಕಳೆದುಹೋಗಬಹುದಾದದ್ದೆಲ್ಲ ಇದ್ದದ್ದು ಅವಳ ಬಳಿ. ಅವಳದು ಮನೆಮನೆಗೆ ಹೋಗಿ ರಕ್ತ ತೆಗೆಯುವ ಕೆಲಸ. ಹಾಸಿಗೆ ಹಿಡಿದವರು, ಗಾಲಿಕುರ್ಚಿಯವರು, ಮೆಟ್ಟಿಲಿಳಿಯಲಾಗದ ಮುದುಕಿಯರು. ಬೆಳಗ್ಗೆ ಆರಕ್ಕೆ ಹೊರಟು ಹದಿನಾರು ಹದಿನೇಳು ಮನೆ ಸುತ್ತಿ, ತಣ್ಣನೆಯ ಡಬ್ಬದಲ್ಲಿ ರಕ್ತದ ಕೊಳವೆಗಳನ್ನು ಜೋಡಿಸಿಕೊಂಡು, ಹತ್ತು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಹತ್ತು ದಾಟಿದರೆ ಕೆಲವು ಪರೀಕ್ಷೆಗಳಿಗೆ ಆ ರಕ್ತ ಬರುವುದಿಲ್ಲ. ಮತ್ತೆ ಆ ಮುದುಕಿಯ ಒಣಗಿದ ತೋಳಿನಲ್ಲಿ ನರ ಹುಡುಕಬೇಕು. ಇವಳು ನೋವಾಗದ ಹಾಗೆ ಸೂಜಿ ಹಾಕುತ್ತಾಳೆಂದು ಹೆಸರು. "ಆ ಹುಡುಗೀನೇ ಕಳಿಸಿ" ಎಂದು ರೋಗಿಗಳು ಲ್ಯಾಬಿಗೆ ಫೋನು ಮಾಡಿ ಕೇಳುತ್ತಿದ್ದರು. ಕಾರು ಅವಳದೇ, ಇಂಧನ ಅವಳದೇ. ಲ್ಯಾಬಿನವರು ಕೊಡುವುದು ಓಡಿದ ಕಿಲೋಮೀಟರಿಗೆ ಇಷ್ಟು ಎಂದು. ಕೆಲಸಗಾರಳು ಎಂದರೆ ರಜೆ ಕೊಡಬೇಕಲ್ಲ, ಅದಕ್ಕೇ ಅವಳನ್ನು ಕಾಗದದಲ್ಲಿ "ಪಾಲುದಾರಳು" ಎಂದು ಕರೆದಿದ್ದರು.

ಒಂದು ದಿನ ಪಾಲುದಾರರಿಗೆಲ್ಲ ಸುತ್ತೋಲೆ ಬಂತು. ಲ್ಯಾಬು ಪರಿಸರಕ್ಕಾಗಿ ಕಂಕಣ ಕಟ್ಟಿದೆಯಂತೆ. ಮೂರು ತಿಂಗಳಲ್ಲಿ ಎಲ್ಲರೂ ಎಲೆಕ್ಟ್ರಿಕ್ ಕಾರಿಗೆ ಬದಲಾಗಬೇಕು. ಕರೆಂಟು ಅಗ್ಗವಾದ್ದರಿಂದ ಕಿಲೋಮೀಟರಿಗೆ ಕೊಡುವುದನ್ನು ಮೂರರಲ್ಲಿ ಒಂದು ಪಾಲು ಇಳಿಸಲಾಗಿದೆ. ತಿಂಗಳಲ್ಲಿ ಮೂರು ಸಲ ತಡವಾದರೆ ಅವರು ಸುತ್ತುವ ಮನೆಗಳ ದಾರಿ ಬೇರೆಯವರ ಪಾಲು. ಕಾರು ಯಾರು ಕೊಳ್ಳಬೇಕು ಎಂಬುದನ್ನು ಬರೆದಿರಲಿಲ್ಲ. ಅದನ್ನು ಬರೆಯುವ ಅಗತ್ಯವಿರಲಿಲ್ಲ. ಹಸಿರು ಎಲೆಯ ಚಿತ್ರ ಲ್ಯಾಬಿನ ಬಾಗಿಲಿಗೆ, ಕಾರಿನ ಕಂತು ಇವಳ ಕೊರಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದನ್ನು ಇಷ್ಟು ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದ್ದ ಪೆಟ್ರೋಲ್ ಕಾರು ಮಾರಿ ಬಂದ ದುಡ್ಡಿಗೆ ಹೊಸ ಕಾರು ಕನಸಿನ ಮಾತು. ಹಳೆಯದನ್ನು ಹುಡುಕಿಕೊಂಡು ಮಾಮ, ಸೋದರ ಸೊಸೆ ಇಬ್ಬರೂ ಊರ ಹೊರಗಿನ ಯಾರ್ಡಿಗೆ ಹೋದರು. ಯಾರ್ಡಿನ ಯಜಮಾನ ತಗಡಿನ ಶೆಡ್ಡಿನ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದವನು, ಒಂಟಿಕಿವಿಯ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕಂಡು ಹೊಟ್ಟೆ ಕುಣಿಸಿ ನಕ್ಕ.

"ಏನ್ ಮೇಸ್ತ್ರಿ, ಬ್ಯಾಟರಿಗೆ ಕಿವಿ ಕೊಡ್ತೀರಾ? ಅದೇನು ಗುಟ್ಟು ಹೇಳುತ್ತಾ ನಿಮ್ಗೆ?"

"ನೀವು ಹೇಳೋದಕ್ಕಿಂತ ನಿಜ ಹೇಳುತ್ತೆ ಬಿಡಿ."

"ಇದು ನಿಮ್ಮ ಕಾಲದ ಗಾಡಿ ಅಲ್ಲ ಮೇಸ್ತ್ರಿ. ಆಯಿಲ್ ಇಲ್ಲ, ಹೊಗೆ ಇಲ್ಲ, ಮೂಸೋಕೆ ಏನೂ ಇಲ್ಲ. ಕಾಗದ ನೋಡಿ, ಸಾಕು."

ಕಾಗದದಲ್ಲಿ "ಬ್ಯಾಟರಿಯ ಸ್ಥಿತಿ: ಉತ್ತಮ" ಎಂದಿತ್ತು. ಕೆಳಗೊಂದು ಮೊಹರು. ಯಾರು ನೋಡಿದರು, ಹೇಗೆ ನೋಡಿದರು, ನೂರಕ್ಕೆ ಎಷ್ಟು ಉಳಿದಿದೆ, ಒಂದೂ ಇಲ್ಲ. ಬೂದು ಬಣ್ಣದ ಸಣ್ಣ ಕಾರು, ಮೀಟರಿನಲ್ಲಿ ನಲವತ್ತೊಂದು ಸಾವಿರ. ಸೀಟಿನ ಬಟ್ಟೆ ಹೊಸದರಂತಿತ್ತು. ಒಂಟಿಕಿವಿ ಮೋಟಾರಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು ಕಣ್ಣು ಮುಚ್ಚಿದ. ಸೊಸೆ ಒಳಗೆ ಕೂತು ಕಾರನ್ನು ಹಿಂದೆ ಮುಂದೆ ಆಡಿಸಿದಳು. ಸಣ್ಣ ಗುಂಯ್ ಸದ್ದು ಬಿಟ್ಟು ಏನೂ ಕೇಳಲಿಲ್ಲ. ಹಾಲು ಕುಡಿದು ಮಲಗಿದ ಮಗುವಿನ ಎದೆಗೆ ಕಿವಿ ಇಟ್ಟ ಹಾಗೆ. ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳಲು ಅವನಿಗೆ ಬರಲಿಲ್ಲ, ಏಕೆಂದರೆ ಕೆಟ್ಟದ್ದು ಹೇಗೆ ಕೇಳುತ್ತದೆ ಎಂದೇ ಅವನಿಗೆ ಗೊತ್ತಿರಲಿಲ್ಲ.

ಅಲ್ಲಿ ಅವನು ಹೇಳಬೇಕಾದ ಮಾತು ಒಂದಿತ್ತು. "ನಂಗೆ ಇದು ಗೊತ್ತಾಗಲ್ಲಮ್ಮ." ಅಷ್ಟೇ. ಯಾರ್ಡಿನವನು ಹಲ್ಲು ಕಿಸಿದು ನೋಡುತ್ತಿದ್ದ. ಸೊಸೆ ಸ್ಟೀರಿಂಗ್ ಹಿಡಿದು ಮಾಮನ ಮುಖವನ್ನೇ ನೋಡುತ್ತಿದ್ದಳು. ಆ ವರ್ಷ ಅವನನ್ನು ಕರೆಯುವವರೂ ಅರ್ಧಕ್ಕರ್ಧ ಕಡಿಮೆಯಾಗಿದ್ದರು. ಗೊತ್ತಿಲ್ಲ ಎಂದರೆ ಇನ್ನು ಮುಂದೆ ಯಾವತ್ತೂ ಗೊತ್ತಿಲ್ಲ ಎಂದೇ ಹೇಳುತ್ತಾ ಬದುಕಬೇಕಾಗುತ್ತದೆ ಎಂಬ ಭಯ ಇತ್ತೋ ಏನೋ. ಸ್ಕ್ರೂಡ್ರೈವರನ್ನು ಕಂಕುಳಲ್ಲಿ ಇಟ್ಟುಕೊಂಡು, "ಚಕ್ರ ಬಿಚ್ಚಿಸಿ" ಎಂದ.

ಪ್ಯಾಡು ಹೊಸ ಸೋಪಿನ ಬಿಲ್ಲೆಯ ಹಾಗಿತ್ತು. ಅದು ಕಚ್ಚುವ ಬ್ರೇಕಿನ ತಟ್ಟೆಯ ಮೇಲೆ ಕೆಂಪು ತುಕ್ಕು ಬೇರೆ. ಒಂಟಿಕಿವಿಯ ಮುಖ ಅರಳಿತು. ಇದು ಅವನಿಗೆ ಓದಲು ಬರುವ ಅಕ್ಷರ. ಬ್ರೇಕು ಸವೆದಿಲ್ಲ ಎಂದರೆ ಓಡಿಲ್ಲ. ತುಕ್ಕು ಹಿಡಿದಿದೆ ಎಂದರೆ ಮನೆ ಮುಂದೆ ನಿಂತೇ ಇತ್ತು. ಬ್ರೇಕಿನ ಪೆಡಲಿನ ರಬ್ಬರಿನ ಮೇಲೆ ಬೆರಳಾಡಿಸಿದ. ಅದರ ಗೀರುಗಳೂ ಹಾಗ್ಹಾಗೇ ಇದ್ದವು.

"ಇದು ನಲವತ್ತು ಸಾವಿರಾನೂ ಓಡಿಲ್ಲ ಕಣಮ್ಮ. ಯಾರೋ ವಯಸ್ಸಾದೋರ ಗಾಡಿ ಇರ್ಬೇಕು."

"ಹಾಗಾದ್ರೆ?"

"ಹೂಂ."

ಯಾರ್ಡಿನವನು ಒಂದು ಕ್ಷಣ ಬೆರಗಾದ. ಆಮೇಲೆ ಎಲ್ಲಕ್ಕಿಂತ ಮೊದಲು ಚಹಾ ತರಿಸಿದ. ಒಂಟಿಕಿವಿ ಕುಡಿಯಲಿಲ್ಲ.

ಬೇಸಿಗೆ ಚೆನ್ನಾಗಿಯೇ ಕಳೆಯಿತು. ಕಷ್ಟವೇನಿದ್ದರೂ ಚಾರ್ಜಿನದು. ಅಕ್ಕ ಮತ್ತು ಮಗಳು ಇದ್ದದ್ದು ಬಾಡಿಗೆ ಕಟ್ಟಡದ ಎರಡನೇ ಮಹಡಿಯಲ್ಲಿ. ಕೆಳಗೆ ಗೋಡೆಯ ಪಕ್ಕ ಕಾರು ನಿಲ್ಲಿಸಲು ಜಾಗವಿತ್ತು, ಪ್ಲಗ್ಗು ಇರಲಿಲ್ಲ. ಕರೆಂಟಿನ ಮೀಟರು, ಪ್ಲಗ್ಗು ಹಾಕಿಸಿಕೊಡಿ ಎಂದರೆ ಮನೆ ಮಾಲೀಕ, "ಬೆಂಕಿ ಹತ್ತಿದ್ರೆ ಯಾರು ಕೊಡ್ತಾರಮ್ಮ ನಂಗೆ ಬಿಲ್ಡಿಂಗು?" ಎಂದ. ಹಾಗಾಗಿ ಅಡುಗೆಮನೆಯ ಕಿಟಕಿಯಿಂದ ಹೆಬ್ಬೆರಳು ದಪ್ಪದ ವೈರು ಎರಡು ಮಹಡಿ ಇಳಿಯಿತು. ಸಂಜೆ ನಾಲ್ಕಕ್ಕೆ ಸಿಕ್ಕಿಸಿದರೆ ಬೆಳಗ್ಗೆ ಆರಕ್ಕೆ ತುಂಬುತ್ತಿತ್ತು. ಅಷ್ಟು ಹೊತ್ತು ಅಡುಗೆಮನೆಯಲ್ಲಿ ಮಿಕ್ಸರ್ ಹಾಕುವಂತಿಲ್ಲ, ಇಸ್ತ್ರಿ ಪೆಟ್ಟಿಗೆ ಮುಟ್ಟುವಂತಿಲ್ಲ. "ಗಾಡಿ ಅಲ್ಲ ಕಣೋ ಇದು, ಹಾಲು ಕುಡಿಯೋ ಕೂಸು. ಅದು ಮಲಗೋ ತನಕ ನಾವು ಉಸಿರು ಬಿಡೋ ಹಾಗಿಲ್ಲ" ಎಂದು ಅಕ್ಕ ತಮ್ಮನಿಗೆ ಹೇಳಿ ನಗುತ್ತಿದ್ದಳು. ವೈರು ಇರುವವರೆಗೂ ಕಿಟಕಿ ಮುಚ್ಚುತ್ತಿರಲಿಲ್ಲ. ನಾಲ್ಕು ಬೆರಳು ಸಂದಿ. ಬೇಸಿಗೆಯಲ್ಲಿ ಅದೇ ಗಾಳಿ ಎಂದುಕೊಂಡರು.

ಚಳಿ ಬಂತು. ಆ ಸಂದಿಗೆ ಅಕ್ಕ ಹಳೆಯ ದಿಂಬು ತುರುಕಿದಳು. ದಿಂಬು ಒದ್ದೆಯಾಯಿತು, ಅವಳ ಎದೆಯಲ್ಲಿ ಕೆಮ್ಮು ಕೂತಿತು. ಕೆಳಗೆ ಕಾರಿಗೂ ಚಳಿ ಹಿಡಿಯಿತು. ತುಂಬಿದಾಗ ಇನ್ನೂರ ನಲವತ್ತು ಕಿಲೋಮೀಟರು ಎಂದು ತೋರಿಸುತ್ತಿದ್ದದ್ದು ನೂರೈವತ್ತಕ್ಕೆ ಬಂತು. ಅವಳಿಗೆ ಬೇಕಿದ್ದದ್ದು ದಿನಕ್ಕೆ ನೂರ ಮೂವತ್ತು. ಕಾರಿನ ಹೀಟರ್ ಹಾಕಿದರೆ ಅದೂ ಇಲ್ಲ. ಎರಡು ಸ್ವೆಟರು, ಕೈಗವಸು ಹಾಕಿಕೊಂಡು ಓಡಿಸಿದಳು. ಬೆರಳು ಮರಗಟ್ಟಿದರೆ ಸೂಜಿ ನಡುಗುತ್ತದೆಂದು ಪ್ರತಿ ಮನೆಯ ಬಾಗಿಲಲ್ಲೂ ನಿಂತು ಕೈ ಉಜ್ಜಿಕೊಂಡೇ ಗಂಟೆ ಒತ್ತುತ್ತಿದ್ದಳು.

ಆ ತಿಂಗಳ ಮೊದಲ ವಾರ, ಒಂದು ಏರಿನಲ್ಲಿ ಇನ್ನು ಮೂವತ್ತೊಂದು ಕಿಲೋಮೀಟರು ಎಂದು ತೋರಿಸುತ್ತಿದ್ದ ಅಂಕಿ ಕಣ್ಣೆದುರೇ ಆರಕ್ಕೆ ಬಿತ್ತು. ಮೆಟ್ಟಿಲು ತಪ್ಪಿದ ಹಾಗೆ. ಪಕ್ಕದಲ್ಲಿ ಹದಿನಾಲ್ಕು ಮನೆಯ ರಕ್ತ. ಆಮೆಯಂತೆ ತೆವಳಿಸಿಕೊಂಡು ಚಾರ್ಜಿಂಗ್ ಸ್ಟೇಷನ್ನಿಗೆ ಹೋದರೆ ನಾಲ್ಕು ಯಂತ್ರದಲ್ಲಿ ಎರಡಕ್ಕೆ ಹಳದಿ ಪಟ್ಟಿ ಸುತ್ತಿದ್ದರು. ಮೂರನೆಯದು ಅವಳ ಫೋನನ್ನು ಗುರುತಿಸಲಿಲ್ಲ. ನಾಲ್ಕನೆಯದಕ್ಕೆ ಒಂದು ದೊಡ್ಡ ಕಾರು ಸಿಕ್ಕಿಸಿ ಅದರ ಒಡೆಯ ತಿಂಡಿಗೆ ಹೋಗಿದ್ದ. ಬಂದವನು, "ಇನ್ನೂ ಎಂಭತ್ತೇ ಆಗಿದೆ, ನೂರು ಆಗ್ಲಿ ತಡೀರಿ" ಎಂದ. ಅವಳು ಡಬ್ಬ ತೆರೆದು ತೋರಿಸಿದಳು. ಅವನು ಮುಖ ಕಿವುಚಿ ವೈರು ಕಿತ್ತು ಕೊಟ್ಟ. ಮನೆಯ ಕರೆಂಟಿನ ಐದು ಪಟ್ಟು ದರ. ಲ್ಯಾಬಿಗೆ ಮುಟ್ಟಿದಾಗ ಹತ್ತೂ ಐವತ್ತು. ಒಂದು ತಡ ಎಂದು ಬರೆದುಕೊಂಡರು. ಎರಡನೇ ವಾರ ಇನ್ನೊಂದು.

ಮಾರನೇ ದಿನ ಒಂಟಿಕಿವಿ ಕಾರನ್ನು ತಾನೇ ಕಂಪನಿಯ ಸರ್ವೀಸ್ ಸೆಂಟರಿಗೆ ಒಯ್ದ. ಸೊಸೆಯೂ ಜೊತೆಗಿದ್ದಳು. ಅದು ಗ್ಯಾರೇಜಿನ ಹಾಗಿರಲಿಲ್ಲ, ಹಲ್ಲಿನ ಡಾಕ್ಟರ ಕೋಣೆಯ ಹಾಗಿತ್ತು. ಕೌಂಟರಿನ ತರುಣಿ ಕಾರಿನ ನಂಬರು ಒತ್ತಿ, ಪರದೆ ನೋಡಿ, ಇವರಿಬ್ಬರನ್ನೂ ನೋಡಿದಳು.

"ಸರ್, ಇದು ಬಾಡಿಗೆ ಟ್ಯಾಕ್ಸಿ ಕಂಪನಿ ಗಾಡಿ. ಎರಡು ಲಕ್ಷದ ಹದಿನೆಂಟು ಸಾವಿರ ಓಡಿದೆ. ಡ್ಯಾಶ್‌ಬೋರ್ಡ್ ಹೊರಗೆಲ್ಲೋ ಬದಲಾಯಿಸಿದಾರೆ."

"ಸಾಧ್ಯನೇ ಇಲ್ಲ. ನಾನೇ ಚಕ್ರ ಬಿಚ್ಚಿ ನೋಡಿದೀನಿ. ಪ್ಯಾಡ್ ಒಂದು ಕೂದಲೆಳೆ ಸವೆದಿಲ್ಲ."

ಆ ಹುಡುಗಿ ತಮಾಷೆ ಮಾಡಲಿಲ್ಲ. ಅದೇ ಅವನಿಗೆ ಹೆಚ್ಚು ನಾಟಿದ್ದು.

"ಈ ಗಾಡೀಲಿ ಬ್ರೇಕ್ ಸವೆಯಲ್ಲ ಸರ್. ಕಾಲು ತೆಗೆದ ತಕ್ಷಣ ಮೋಟಾರೇ ಗಾಡೀನ ಹಿಡಿದು ನಿಲ್ಸುತ್ತೆ, ಆ ಶಕ್ತಿ ವಾಪಸ್ ಬ್ಯಾಟರಿಗೆ ಹೋಗುತ್ತೆ. ಪ್ಯಾಡಿಗೆ ಕೆಲಸನೇ ಇರಲ್ಲ. ಬಳಸದೇ ತುಕ್ಕೂ ಹಿಡಿಯುತ್ತೆ. ಎಲ್ಲಾ ಗಾಡೀಲೂ ಹೀಗೇ."

ಒಂಟಿಕಿವಿ ಕೇಳಿಸಿತು ಎನ್ನುವ ಹಾಗೆ ತಲೆಯಾಡಿಸಿದ. ಮೂವತ್ತೆರಡು ವರ್ಷ ಸುಳ್ಳು ಹೇಳದಿದ್ದ ಬ್ರೇಕು ಈಗಲೂ ಸುಳ್ಳು ಹೇಳಿರಲಿಲ್ಲ. ಅದರ ಭಾಷೆ ಬದಲಾಗಿತ್ತು, ಇವನಿಗೆ ಯಾರೂ ತಿಳಿಸಿರಲಿಲ್ಲ. ಇವನೂ ಕೇಳಿರಲಿಲ್ಲ.

"ಬ್ಯಾಟರೀಲಿ ಎಂಟು ಪೆಟ್ಟಿಗೆ ಇವೆ. ಏಳು ಪರವಾಗಿಲ್ಲ. ಒಂದು ಸತ್ತಿದೆ, ಅದಕ್ಕೇ ಅಂಕಿ ಹಾಗೆ ಬೀಳೋದು" ಎಂದಳು ಹುಡುಗಿ.

"ಆ ಒಂದನ್ನ ಬದಲಾಯಿಸಿ ಕೊಡಿ."

"ಒಂದು ಸಿಗಲ್ಲ ಸರ್. ಕಂಪನಿ ಬಿಡಿಯಾಗಿ ಮಾರಲ್ಲ. ಪೂರ್ತಿ ಬ್ಯಾಟರಿನೇ ಹಾಕಿಸ್ಬೇಕು."

"ಹೋಗ್ಲಿ, ಮುಚ್ಚಳ ತೆಗೀರಿ. ನಾನು ನೋಡ್ತೀನಿ."

"ತೆಗೆಯೋ ಹಾಗಿಲ್ಲ. ನಾನೂ ತೆಗೆಯೋ ಹಾಗಿಲ್ಲ. ಮುಟ್ಟಿದ್ರೆ ಪ್ರಾಣ ಹೋಗುತ್ತೆ, ಅಷ್ಟು ಕರೆಂಟ್ ಇದೆ."

ಹೊಸ ಬ್ಯಾಟರಿಯ ಬೆಲೆ ಹೇಳಿದಳು. ಅವರು ಕೊಂಡ ಇಡೀ ಕಾರಿಗಿಂತ ಹೆಚ್ಚು. ಮೂಗಿಗಿಂತ ಮೂಗುತಿ ಭಾರ. ಗ್ಯಾರಂಟಿ ಇಲ್ಲವೇ ಎಂದರೆ, ಟ್ಯಾಕ್ಸಿಯಾಗಿ ಓಡಿದ ಗಾಡಿಗೆ ಗ್ಯಾರಂಟಿ ಅರ್ಧ, ಅದೂ ಮುಗಿದಿದೆ. ಒಂದು ಹಲ್ಲು ಹುಳುಕಾದರೆ ತಲೆಯನ್ನೇ ಬದಲಾಯಿಸಿಕೋ ಎನ್ನುವ ವ್ಯಾಪಾರ ಇದು. ಇದಕ್ಕೆ ಅವರು ಸುರಕ್ಷತೆ ಎಂದು ಹೆಸರಿಟ್ಟಿದ್ದಾರೆ. ಕರೆಂಟಿನಿಂದ ನಮ್ಮ ಪ್ರಾಣ ಉಳಿಸುವ ಸುರಕ್ಷತೆ ಬೇರೆ, ಬಿಡಿ ಪೆಟ್ಟಿಗೆಯಿಂದ ತಮ್ಮ ಲಾಭ ಉಳಿಸುವ ಸುರಕ್ಷತೆ ಬೇರೆ. ಎರಡನ್ನೂ ಒಂದೇ ಮುಚ್ಚಳದ ಕೆಳಗಿಟ್ಟು ಬೋಲ್ಟು ಬಿಗಿದಿದ್ದಾರೆ.

ಈ ಕಾರು ಯಾರ್ಡಿಗೆ ಬಂದದ್ದು ಹೇಗೆ ಎಂಬುದೂ ಗುಟ್ಟೇನಲ್ಲ. ಟ್ಯಾಕ್ಸಿ ಕಂಪನಿ ತೆರಿಗೆ ರಿಯಾಯಿತಿಯಲ್ಲಿ ಇಂಥ ಮುನ್ನೂರು ಕಾರು ಕೊಂಡಿತು. ಮೂರು ವರ್ಷ ಮೂರು ಪಾಳಿಯಲ್ಲಿ ಓಡಿಸಿತು, ದಿನಕ್ಕೆರಡು ಸಲ ಬ್ಯಾಟರಿಯ ಜೀವ ಹಿಂಡುವ ಶರವೇಗದ ಚಾರ್ಜು ಕುಡಿಸಿತು. ಅಷ್ಟರಲ್ಲಿ ಕಾರು ಮಾಡುವ ಕಂಪನಿ, ಎದುರಾಳಿಯನ್ನು ಮಣಿಸಲು, ಒಂದೇ ಬೆಳಗ್ಗೆ ಹೊಸ ಕಾರಿನ ಬೆಲೆಯನ್ನು ಮೂರರಲ್ಲಿ ಒಂದು ಪಾಲು ಇಳಿಸಿತು. ಹೊಸದೇ ಅಗ್ಗವಾದ ಮೇಲೆ ಹಳೆಯದನ್ನು ಮೂಸುವವರು ಯಾರು? ಟ್ಯಾಕ್ಸಿ ಕಂಪನಿ ಮುನ್ನೂರನ್ನೂ ಹರಾಜಿಗೆ ಸುರಿಯಿತು. ಯಾರ್ಡಿನವರು ಬಾಚಿಕೊಂಡು, ಸೀಟು ಹೊಲಿಸಿ, ಮೀಟರು ಬದಲಿಸಿ, "ಉತ್ತಮ" ಎಂದು ಮೊಹರು ಒತ್ತಿಸಿದರು. ಎಲ್ಲರೂ ತಂತಮ್ಮ ನಷ್ಟವನ್ನು ಪಕ್ಕದವನ ಕೈಗೆ ದಾಟಿಸಿದರು, ಬಿಸಿ ಪಾತ್ರೆ ದಾಟಿಸಿದ ಹಾಗೆ. ಕೊನೆಗೆ ಅದು ಕೈಗವಸು ಹಾಕಿಕೊಂಡು ಹದಿನಾರು ಮನೆ ಸುತ್ತುವ ಹೆಣ್ಣುಮಗಳ ಕೈಯಲ್ಲಿ ಉಳಿಯಿತು.

ಒಂಟಿಕಿವಿ ಯಾರ್ಡಿಗೆ ಹೋಗಿ ಕೂಗಾಡಿದ. ಯಜಮಾನ ಕುರ್ಚಿಯಿಂದ ಏಳಲಿಲ್ಲ.

"ನಾನು ಕಾಗದ ತೋರ್ಸಿದೆ. ಪ್ಯಾಡ್ ನೋಡಿ ಹೂಂ ಅಂದೋರು ನೀವು. ನಾನು ಅಂದ್ನಾ?" ಎಂದ. ಆಮೇಲೆ ದನಿ ಇಳಿಸಿ, "ನೋಡಿ ಮೇಸ್ತ್ರಿ, ಅಳ್ತಾ ಕೂತ್ರೆ ಆಗಲ್ಲ. ನಿಮ್ಮಂಗೇ ಇನ್ನೊಬ್ರು ಪ್ಯಾಡ್ ನೋಡ್ತಾರೆ. ನೀವು ಜಾಸ್ತಿ ಏನೂ ಹೇಳ್ಬೇಡಿ. ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಒಂದು ಮಾತು. ಗಾಡಿ ಹೋಗುತ್ತೆ" ಎಂದ.

ಸೊಸೆ ಅಷ್ಟರಲ್ಲಿ ತಾನೇ ಜಾಹೀರಾತು ಹಾಕಿಬಿಟ್ಟಿದ್ದಳು. ಅವಳ ಲೆಕ್ಕ ಸರಳ. ತಿಂಗಳು ಮುಗಿಯಲು ಇನ್ನೂ ಹನ್ನೊಂದು ದಿನ. ಇನ್ನೊಂದು ತಡವಾದರೆ ದಾರಿ ಹೋಯಿತು. ಈ ಕಾರು ಈ ವಾರ ಮಾರಿದರೆ ಆ ದುಡ್ಡು ಮುಂಗಡಕ್ಕಾಗುತ್ತದೆ, ಹೊಸ ಕಾರು ಕಂತಿನಲ್ಲಿ ಬರುತ್ತದೆ, ದಾರಿ ಉಳಿಯುತ್ತದೆ.

"ನೀನು ಏನೂ ಮಾಡ್ಬೇಡ ಮಾಮ. ಯಾರಿಗೂ ಏನೂ ಹೇಳ್ಬೇಡ. ಸುಮ್ನಿರು, ಸಾಕು."

ಅವನು ಆಯಿತು ಎಂದ. ನಿಜವಾಗಿಯೂ ಸುಮ್ಮನಿರಬೇಕು ಎಂದೇ ಅಂದುಕೊಂಡಿದ್ದ. ಆದರೆ ಈ ಊರಿನಲ್ಲಿ ಹಳೆಯ ಕಾರು ಕೊಳ್ಳುವವನು ಯಾರಿಗೆ ಫೋನು ಮಾಡುತ್ತಾನೆ? ಎರಡನೇ ದಿನವೇ ಬಂತು. ಅಂಗಡಿಗಳಿಗೆ ಬ್ರೆಡ್ಡು ಹಾಕುವವನೊಬ್ಬ. "ಒಂದು ಎಲೆಕ್ಟ್ರಿಕ್ ಗಾಡಿ ಇದೆ, ನಾಳೆ ಬಂದು ನೋಡಿ ಹೇಳ್ಬೇಕು ಮೇಸ್ತ್ರಿಗಳೇ" ಎಂದು ವಿಳಾಸ ಹೇಳಿದ. ಅಕ್ಕನ ಮನೆಯ ವಿಳಾಸ.

ಜ್ವರ ಎನ್ನಬಹುದಿತ್ತು. ಊರಲ್ಲಿಲ್ಲ ಎನ್ನಬಹುದಿತ್ತು. ಬರುತ್ತೇನೆ ಎಂದ.

ಮಧ್ಯಾಹ್ನ ಕಟ್ಟಡದ ಗೋಡೆಯ ಪಕ್ಕ ಮೂವರೂ ಸೇರಿದರು. ಮಾಮನನ್ನು ಕಂಡು ಸೊಸೆಯ ಮುಖದ ಬಣ್ಣ ಇಳಿಯಿತು. ಇಬ್ಬರೂ ಅಪರಿಚಿತರ ಹಾಗೆ ನಿಂತರು. ಮೇಲೆ ಕಿಟಕಿಯ ಸಂದಿಯಲ್ಲಿ ದಿಂಬಿನ ಪಕ್ಕ ಅಕ್ಕನ ಮುಖ. ಬ್ರೆಡ್ಡಿನವನು ಮಾತಿನ ಮಲ್ಲ. ತೋಳಿನ ತನಕ ಹಿಟ್ಟಿನ ಬಿಳಿ ಇನ್ನೂ ಹೋಗಿರಲಿಲ್ಲ.

"ನಮ್ಮಣ್ಣನ ವ್ಯಾನ್ ನೀವೇ ನೋಡಿ ಕೊಡ್ಸಿದ್ದು. ಹನ್ನೊಂದು ವರ್ಷ ಆಯ್ತು, ಇನ್ನೂ ಗುಂಡ್ಕಲ್ಲು ಇದ್ದಂಗಿದೆ. ಅದಕ್ಕೇ ಅಣ್ಣ ಹೇಳಿದ್ದು, ಒಂಟಿಕಿವಿ ಹೂಂ ಅನ್ನದೇ ಸೈಕಲ್ಲೂ ತಗೋಬೇಡ ಅಂತ. ದಿನಾ ನಲವತ್ತು ಅಂಗಡಿ ಮೇಸ್ತ್ರಿಗಳೇ, ನೂರಿಪ್ಪತ್ತು ಕಿಲೋಮೀಟರ್. ಬೆಳಗ್ಗೆ ಏಳರೊಳಗೆ ಬ್ರೆಡ್ ಮುಟ್ಲಿಲ್ಲ ಅಂದ್ರೆ ವಾಪಸ್ ಕಳಿಸ್ತಾರೆ, ನಾವೇ ತಿನ್ಬೇಕು. ನೋಡಿ ಹೊಟ್ಟೆ, ತಿಂದೇ ಹಿಂಗಾಗಿರೋದು."

ಯಾರೂ ನಗಲಿಲ್ಲ. ಅವನೇ ಬಗ್ಗಿ, ಫೋನಿನ ಟಾರ್ಚು ಹಾಕಿ ಚಕ್ರದ ಸಂದಿಯಲ್ಲಿ ಇಣುಕಿದ.

"ಬ್ರೇಕ್ ಸುಳ್ಳು ಹೇಳಲ್ಲ ಅಂತೀರಂತಲ್ಲ ನೀವು. ನೋಡಿ, ನೋಡಿ ಇಲ್ಲಿ! ಪ್ಯಾಡ್ ಹೊಸದ್ರಂಗೇ ಇದೆ! ಓಡೇ ಇಲ್ಲ ಅಲ್ವಾ ಇದು?"

ಒಂಟಿಕಿವಿ ಸ್ಕ್ರೂಡ್ರೈವರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಸೊಸೆ ಅವನನ್ನೇ ನೋಡುತ್ತಿದ್ದಳು. ಏಳು ತಿಂಗಳ ಹಿಂದೆ ಯಾರ್ಡಿನಲ್ಲಿ ಸ್ಟೀರಿಂಗ್ ಹಿಡಿದು ನೋಡಿದ್ದಳಲ್ಲ, ಹಾಗೇ. ಸುಮ್ಮನೆ ನಿಂತಿದ್ದರೂ ಸಾಕಿತ್ತು. ಅವನ ಮೌನವನ್ನು ಬ್ರೆಡ್ಡಿನವನು ಹೂಂ ಎಂದೇ ತೆಗೆದುಕೊಳ್ಳುತ್ತಿದ್ದ.

"ಊಹೂಂ" ಎಂದ ಒಂಟಿಕಿವಿ.

"ಅಂದ್ರೆ?"

"ತಗೋಬೇಡಿ. ಎರಡು ಲಕ್ಷ ಓಡಿದೆ. ಬ್ಯಾಟರಿ ಹೋಗಿದೆ. ಈ ಗಾಡೀಲಿ ಬ್ರೇಕ್ ನೋಡಿ ಏನೂ ಹೇಳಕ್ಕಾಗಲ್ಲ. ಹೇಳ್ಬಹುದು ಅನ್ಕೊಂಡು ನಾನು ಒಂದ್ಸಲ ಹೇಳಿ ಕೆಟ್ಟಿದೀನಿ."

ಬ್ರೆಡ್ಡಿನವನು ಸೊಸೆಯನ್ನು ಮೇಲಿಂದ ಕೆಳಗೆ ನೋಡಿದ. ಎಂಥ ಹೆಂಗಸಪ್ಪ ಎನ್ನುವ ನೋಟ. ಒಂಟಿಕಿವಿಗೆ ದುಡ್ಡು ಕೊಡಲು ಹೋದ. ಅವನು ಮುಟ್ಟಲಿಲ್ಲ. ಬ್ರೆಡ್ಡಿನವನು ಹೋದ ಮೇಲೆ ಸೊಸೆ ಕೂಗಲಿಲ್ಲ, ಅಳಲಿಲ್ಲ. ಮಾಮನ ಬಲಕ್ಕೆ ಬಂದು ನಿಂತು, ಸರಿಯಾಗಿ ಕೇಳುವ ಹಾಗೆ ಕೇಳಿದಳು.

"ನನ್ನ ಗಾಡಿ ತಗೊಳ್ಳೋವಾಗ ಈ ಊಹೂಂ ಎಲ್ಲಿತ್ತು ಮಾಮ?"

ಮೇಲೆ ಕಿಟಕಿಯಲ್ಲಿ ಅಕ್ಕ ಕೆಮ್ಮಿದಳು.

ಇಲ್ಲಿ ಒಬ್ಬ ಪ್ರಾಮಾಣಿಕನ ಬೆನ್ನು ತಟ್ಟಿ ಕಥೆ ಮುಗಿಸುವುದು ಸುಲಭ. ಬೆನ್ನು ತಟ್ಟುವವರು ತಟ್ಟಲಿ. ಮುನ್ನೂರು ಕಾರಿನ ಟ್ಯಾಕ್ಸಿ ಕಂಪನಿ ನಿಜ ಹೇಳಲಿಲ್ಲ, ಏನೂ ಕಳೆದುಕೊಳ್ಳಲಿಲ್ಲ. ಯಾರ್ಡಿನವನು ಹೇಳಲಿಲ್ಲ, ಕಳೆದುಕೊಳ್ಳಲಿಲ್ಲ. ಕಾರು ಮಾಡಿದವರಿಗೆ ಪ್ರತಿ ಪೆಟ್ಟಿಗೆಯ ನಾಡಿಬಡಿತವೂ ಕಂಪ್ಯೂಟರಿನಲ್ಲಿ ಗೊತ್ತು, ಕೊಳ್ಳುವವರಿಗೆ ಹೇಳಲಿಲ್ಲ. ಇವರೆಲ್ಲರೂ ಹೇಳದೇ ಉಳಿಸಿದ ನಿಜವನ್ನು ಒಬ್ಬ ಕಿವುಡ ಮೇಸ್ತ್ರಿ ಹೇಳಿದ, ಅದಕ್ಕೆ ಬೆಲೆ ತೆತ್ತದ್ದು ಅವನೂ ಅಲ್ಲ. ಅವನ ಸೊಸೆ. ಸತ್ಯವನ್ನೂ ಬಡವರೇ ಬಡವರ ಖರ್ಚಿನಲ್ಲಿ ಹೇಳಬೇಕಾದ ಈ ವ್ಯವಸ್ಥೆಗೆ ಹಸಿರು ಬಣ್ಣ ಬಳಿದರೆ ಅದು ಹಸಿರಾಗುತ್ತದೆಯೆ?

ತಿಂಗಳಿಗೆ ಆರು ದಿನ ಉಳಿದಿರುವಾಗ ಮೂರನೇ ತಡ ಆಯಿತು. ಈ ಸಲ ಕಾರು ನಿಂತದ್ದು ಒಂದು ಸಿಗ್ನಲ್ಲಿನಲ್ಲಿ. ಅವಳು ಡಬ್ಬವನ್ನು ಎದೆಗವಚಿಕೊಂಡು ಎರಡು ಕಿಲೋಮೀಟರು ಓಡಿದಳು. ಹತ್ತೂ ಹನ್ನೆರಡು. ಒಂಟಿಕಿವಿ ತನ್ನ ಹಳೆಯ ಪೆಟ್ರೋಲ್ ಕಾರಿನ ಕೀಲಿ ಹಿಡಿದು ಲ್ಯಾಬಿನ ಮ್ಯಾನೇಜರನ ಮುಂದೆ ನಿಂತ. "ಇದನ್ನ ಓಡಿಸ್ಲಿ ಸ್ವಾಮಿ, ಗಡಿಯಾರ ಇದ್ದಂಗಿದೆ" ಎಂದ. ಮ್ಯಾನೇಜರ್ ಬಾಗಿಲಿನ ಹಸಿರು ಎಲೆ ತೋರಿಸಿದ.

ದಾರಿ ಬೇರೆಯವರಿಗೆ ಹೋಯಿತು. ಸೊಸೆಗೆ ಅದೇ ಲ್ಯಾಬಿನಲ್ಲಿ, ಅರ್ಧ ಸಂಬಳಕ್ಕೆ, ಬೇರೆಯವರು ತಂದ ಕೊಳವೆಗಳಿಗೆ ಚೀಟಿ ಅಂಟಿಸುವ ಕೆಲಸ ಸಿಕ್ಕಿತು. ತನ್ನ ಮುದುಕಿಯರ ಹೆಸರುಗಳು ದಿನವೂ ಅವಳ ಬೆರಳ ಕೆಳಗೆ ಹಾದುಹೋಗುತ್ತವೆ. ಕೆಲವು ಹೆಸರಿಗೆ ಅರ್ಧ ತುಂಬಿದ್ದೊಂದು, ಪೂರ್ತಿ ತುಂಬಿದ್ದೊಂದು ಎಂದು ಎರಡೆರಡು ಕೊಳವೆ ಬಂದಿರುತ್ತವೆ. ಮೊದಲ ಸಲ ನರ ಸಿಕ್ಕಿಲ್ಲ ಎಂದು ಅವಳಿಗೆ ಗೊತ್ತಾಗುತ್ತದೆ. ಬ್ರೆಡ್ಡಿನವನು ಅದೇ ಯಾರ್ಡಿನಿಂದ ಅಂಥದೇ ಒಂದು ಬಿಳಿ ಕಾರು ತೆಗೆದುಕೊಂಡ ಎಂದು ಸುದ್ದಿ. ಒಂಟಿಕಿವಿಯನ್ನು ಕೇಳಲಿಲ್ಲ. ಬ್ರೇಕ್ ನೋಡಲು ಬರದ ಮೇಸ್ತ್ರಿಯನ್ನು ಯಾಕೆ ಕೇಳಬೇಕು?

ಮೂರು ವಾರ ಬಿಟ್ಟು ಅವನು ಅಕ್ಕನ ಮನೆಗೆ ಹೋದ. ಕೆಳಗೆ ಕಾರಿನ ಮೇಲೆ ಟಾರ್ಪಾಲು ಹೊದಿಸಿದ್ದರು. ಮೇಲೆ ಅಡುಗೆಮನೆಯಲ್ಲಿ ವೈರು ಸುರುಳಿ ಸುತ್ತಿ ಮೊಳೆಗೆ ನೇತುಹಾಕಿತ್ತು. ದಿಂಬು ಕಾಣಲಿಲ್ಲ.

"ಕಿಟಕಿ ಮುಚ್ಚಿದೀನಿ ಕಣೋ. ಈಗ ಚಳಿ ಇಲ್ಲ. ಕೂತ್ಕೋ" ಎಂದು ಅಕ್ಕ ಚಹಾ ಇಟ್ಟಳು.

ತನ್ನ ಬಲಗಡೆಯ ಕುರ್ಚಿ ಖಾಲಿ ಬಿಟ್ಟು ಕೂತ. ಸೊಸೆ ಕೆಲಸದಿಂದ ಬಂದಳು. ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು, ಬಂದು ಅವನ ಎಡಕ್ಕೆ ಕೂತಳು. ಹುಟ್ಟಿದಾಗಿನಿಂದ ಒಮ್ಮೆಯೂ ಕೂರದ ಕಡೆ. ಲೋಟ ಎತ್ತಿಕೊಂಡು, ಅದರೊಳಗೇ ನೋಡುತ್ತಾ, ಏನೋ ಹೇಳಿದಳು. ಅವನಿಗೆ ಅವಳ ತುಟಿ ಅಲುಗಿದ್ದು ಮಾತ್ರ ಕಂಡಿತು. ಒಲೆಯ ಮುಂದಿದ್ದ ಅಕ್ಕನ ಕೈ ಹಾಗೇ ನಿಂತಿತು.

ಏನಂದೆ ಎಂದು ಅವನು ಕೇಳಲಿಲ್ಲ. ಚಹಾ ಕುಡಿದು ಮುಗಿಸಿದ.